ಕೋಹಾ: ಕೈ ಬಿಗಿಯಾದಾಗ ಸಿಕ್ಕ ಗ್ರಂಥಾಲಯ ತಂತ್ರಾಂಶ

ಅನುದಾನ ಇಳಿದ ವರ್ಷ ಮೊದಲು ಕತ್ತರಿ ಬೀಳುವುದು ಗ್ರಂಥಾಲಯಕ್ಕೇ. ಸಣ್ಣ ಸರ್ಕಾರಿ ಕಾಲೇಜಿನ ಪ್ರಾಂಶುಪಾಲೆಯಾಗಿ ಇದು ನನಗೆ ಪ್ರತಿ ಸಲವೂ ಸಂಕಟದ ಮಾತು. ಹಳೆಯ ತಂತ್ರಾಂಶದ ವಾರ್ಷಿಕ ಶುಲ್ಕ ಕಟ್ಟಲಾಗದೆ ಕೋಹಾಕ್ಕೆ ಬಂದೆವು. ನ್ಯೂಜಿಲೆಂಡಿನ ಹೊರೊಫೆನುವಾದಲ್ಲಿ 2000ದ ಜನವರಿಯಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶವಿದು. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಪರವಾನಗಿ ಶುಲ್ಕವಿಲ್ಲ.

ಐಎಸ್‌ಬಿಎನ್ ಸಂಖ್ಯೆ (ಪುಸ್ತಕದ ಮೇಲೆ ಅಚ್ಚಾಗಿರುವ ಗುರುತಿನ ಅಂಕಿ) ಹೊಡೆದರೆ ಸಾಕು, ಬೇರೆ ಗ್ರಂಥಾಲಯಗಳ ಸೂಚಿಯಿಂದ ಲೇಖಕರು, ಪ್ರಕಾಶಕರು, ವಿಷಯ ಎಲ್ಲ ಬಂದು ಕೂರುತ್ತವೆ. ಒಬ್ಬರೇ ಗ್ರಂಥಪಾಲಕರಿರುವ ಕಡೆ ಇದು ದೊಡ್ಡ ಆಸರೆ. ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು ವರದಿಗಳು. ಯಾವ ಪುಸ್ತಕ ಎಷ್ಟು ಸಲ ಹೊರಗೆ ಹೋಗಿದೆ, ಯಾವುದಕ್ಕೆ ಮಕ್ಕಳು ಕಾಯುತ್ತಿದ್ದಾರೆ ಎಂಬ ಪಟ್ಟಿ ಮುಂದಿಟ್ಟುಕೊಂಡೇ ಈ ಸಲ ಖರೀದಿ ಮಾಡಿದೆ. ಸಂಖ್ಯಾಶಾಸ್ತ್ರದ ಒಂದೇ ಪ್ರತಿಗೆ 11 ಮಂದಿ ಕಾದಿದ್ದರು! ಇನ್ನೂ 3 ತರಿಸಿದೆವು.

ಆದರೆ ಖರ್ಚೇ ಇಲ್ಲ ಎಂದುಕೊಳ್ಳಬೇಡಿ. ಸರ್ವರ್ ಬೇಕು, ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಲ್ಲವರು ಬೇಕು. ನಮ್ಮ ಅಜಾಗರೂಕತೆಯಿಂದ ಒಮ್ಮೆ ಬ್ಯಾಕಪ್ ತಪ್ಪಿ, 2 ದಿನ ಪುಸ್ತಕ ಕೊಟ್ಟು ಪಡೆದ ದಾಖಲೆ ಕಳೆದುಹೋಯಿತು. ಈಗ ಸಂಜೆ ಬಾಗಿಲು ಹಾಕುವ ಮೊದಲು ಗ್ರಂಥಪಾಲಕರು ಬ್ಯಾಕಪ್ ತೆಗೆದೇ ಹೊರಡುತ್ತಾರೆ.