ಐದು ಕುರ್ಚಿಯೋ, ಒಂಬತ್ತು ಕುರ್ಚಿಯೋ: ಜಿಂಗಾ ಪೋಕರ್‌ನ ಮೇಜುಗಳು

2007ರಲ್ಲಿ ಫೇಸ್‌ಬುಕ್‌ನ ಆಟವಾಗಿ ಆರಂಭಗೊಂಡು ಈಗ ಮೊಬೈಲ್‌ನಲ್ಲೂ ದೊರೆಯುವ ಜಿಂಗಾ ಪೋಕರ್ ಎಂಬ ಇಸ್ಪೀಟು ಆ್ಯಪ್‌ನಲ್ಲಿ ಗೆದ್ದ ಚಿಪ್ಪುಗಳನ್ನು (ಪಣಕ್ಕಿಡುವ ಬಿಲ್ಲೆಗಳನ್ನು) ನಗದಾಗಿಸಿಕೊಳ್ಳಲು ಬರುವುದಿಲ್ಲ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರವು 2025ರ ಕಾಯ್ದೆಯ ಮೂಲಕ ನಿಷೇಧಿಸಿದ ಮೇಲೆ, ಫೋನಿನಲ್ಲಿ ಟೆಕ್ಸಾಸ್ ಹೋಲ್ಡೆಮ್ (ಕೈಯಲ್ಲಿ ಎರಡು ಗುಟ್ಟಿನ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್) ಆಡುವ ಅಭ್ಯಾಸ ಬಿಡಲೊಲ್ಲದವರಿಗೆ ಇಂಥ ಆ್ಯಪ್‌ಗಳೇ ಗತಿಯಾಗಿರುವುದರಿಂದ, ಇದರ ಯಾವ ಮೇಜು ಯಾರಿಗೆ ಹೊಂದುತ್ತದೆ ಎಂಬುದನ್ನು ಪರಿಶೀಲಿಸಿದ್ದೇನೆ.

ಆಯ್ಕೆ ಮುಖ್ಯವಾಗಿ ಎರಡು: ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಇಡಬೇಕಾದ ಕಡ್ಡಾಯ ಪಂತ) ಎಷ್ಟು, ಕುರ್ಚಿ ಐದೋ ಒಂಬತ್ತೋ. ಒಳ್ಳೆಯ ಎಲೆ ಬರುವವರೆಗೆ ಕಾದು ಕೂರುವ ಸ್ವಭಾವದವರಿಗೆ ಒಂಬತ್ತು ಕುರ್ಚಿಯ ಮೇಜೇ ಸರಿ. ಬ್ಲೈಂಡ್ 100/200 ಇದ್ದರೆ, ಸರದಿ ಮೇಜನ್ನು ಒಮ್ಮೆ ಸುತ್ತಿ ಬರುವಷ್ಟರಲ್ಲಿ ಪ್ರತಿಯೊಬ್ಬನೂ ಎರಡನ್ನೂ ಒಂದೊಂದು ಸಲ ತೆತ್ತು, ಪ್ರತಿ ಸುತ್ತಿಗೆ 300 ಚಿಪ್ಪು ಕೊಡಲೇಬೇಕು. 45 ಕೈಗಳಲ್ಲಿ (ಎಲೆ ಒಮ್ಮೆ ಹಂಚಿ ಆಡಿ ಮುಗಿಸಿದರೆ ಒಂದು ಕೈ) ಒಂಬತ್ತು ಜನರ ಮೇಜಿನಲ್ಲಿ ಐದು ಸುತ್ತು ಮುಗಿದು 1,500 ಚಿಪ್ಪು ಹೋದರೆ, ಐದು ಜನರ ಮೇಜಿನಲ್ಲಿ ಒಂಬತ್ತು ಸುತ್ತಿಗೆ 2,700 ಹೋಗುತ್ತದೆ. ಅಲ್ಲಿ ಸುಮ್ಮನೆ ಕಾಯುವುದೇ ದುಬಾರಿ.

ಹಾಗೆಂದು ಬ್ಲಫ್‌ಪ್ರಿಯರೆಲ್ಲ (ಕಳಪೆ ಎಲೆಯಿದ್ದೂ ದೊಡ್ಡ ಪಂತ ಕಟ್ಟಿ ಹೆದರಿಸುವವರೆಲ್ಲ) ಐದು ಕುರ್ಚಿಯತ್ತ ಓಡಬೇಕಿಲ್ಲ. ಪುಸ್ತಕದ ಲೆಕ್ಕದಲ್ಲಿ ಅದು ಅವರದೇ ಮೇಜು, ಆದರೆ ಪುಕ್ಕಟೆ ಚಿಪ್ಪು ಕೈಯಲ್ಲಿರುವವನು ಹೆದರಿ ಫೋಲ್ಡ್ ಮಾಡುವುದು, ಅಂದರೆ ಎಲೆ ಬಿಸುಟು ಆ ಕೈಯಿಂದ ಹಿಂದೆ ಸರಿಯುವುದು ಅಪರೂಪ. ಕಡಿಮೆ ಬ್ಲೈಂಡ್‌ನ ಮೇಜುಗಳಲ್ಲಿ ಎರಡು, ಏಳರಂಥ ಕಳಪೆ ಎಲೆ ಹಿಡಿದವನೂ ಆಲ್‌ಇನ್ ಎಂದು ಇದ್ದ ಚಿಪ್ಪನ್ನೆಲ್ಲ ಪಣಕ್ಕಿಡುತ್ತಾನೆ. ಬ್ಲಫ್‌ಗೆ ಬೆಲೆ ಬರಬೇಕಾದರೆ ಕುರ್ಚಿಗಳ ಸಂಖ್ಯೆಗಿಂತ ಬ್ಲೈಂಡ್‌ನ ಮಟ್ಟವನ್ನು ನೋಡಬೇಕು. ಕೂಡಿಟ್ಟ ಚಿಪ್ಪಿನ ಗಣನೀಯ ಪಾಲನ್ನು ಮೇಜಿಗೆ ತಂದವನು ಮಾತ್ರ ಎದುರಾಳಿಯ ಪಂತಕ್ಕೆ ಒಂದಿಷ್ಟು ಯೋಚಿಸುತ್ತಾನೆ.

ತುಂಬಿದ ಮೇಜಿಗೂ ಅದರದೇ ಅಪಾಯವಿದೆ. ಕೈಗೆ ಎರಡು ಎಕ್ಕ ಬಂದಾಗ, ಯಾವುದೋ ಎಲೆ ಹಿಡಿದ ಒಬ್ಬನೇ ಎದುರಾಳಿ ಕೊನೆಯವರೆಗೆ ಉಳಿದರೆ ಗೆಲುವಿನ ಸಾಧ್ಯತೆ ಶೇ. 85ರಷ್ಟಿರುತ್ತದೆ, ನಾಲ್ವರು ಉಳಿದರೆ ಅದು ಶೇ. 56ರ ಆಸುಪಾಸಿಗೂ, ಎಂಟೂ ಮಂದಿ ಉಳಿದರೆ ಸುಮಾರು ಶೇ. 35ಕ್ಕೂ ಇಳಿಯುತ್ತದೆ. ಈ ಆ್ಯಪ್‌ನಲ್ಲಿ ಫ್ಲಾಪ್ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ನೋಡಲು ನಾಲ್ಕೈದು ಮಂದಿ ಉಳಿಯುವುದು ಮಾಮೂಲಾದ್ದರಿಂದ, ಎಲೆಯನ್ನು ಗುಟ್ಟಾಗಿಡುವ ಆಸೆಯಿಂದ ಮೊದಲಿಗೆ ಬರಿದೇ ಕಾಲ್ ಮಾಡುವ (ಪಂತ ಏರಿಸದೆ ಸರಿಗಟ್ಟುವ) ಚಾಣಾಕ್ಷತನ ಇಲ್ಲಿ ನಷ್ಟಕ್ಕೇ ದಾರಿ. ಆರಂಭದಲ್ಲೇ ಪಂತವನ್ನು ದೊಡ್ಡದಾಗಿ ಏರಿಸುವವರಿಗೆ ಮಾತ್ರ ಈ ಮೇಜು ಫಲ ಕೊಡುತ್ತದೆ.

ಒಂದೇ ಕೂರಿಕೆಯಲ್ಲಿ ಸೋಲು-ಗೆಲುವು ತೀರ್ಮಾನವಾಗಬೇಕೆನ್ನುವವರಿಗೆ ಸಿಟ್-ಎನ್-ಗೋ, ಅಂದರೆ ಕುರ್ಚಿಗಳು ತುಂಬಿದೊಡನೆ ಶುರುವಾಗುವ ಪುಟ್ಟ ಪಂದ್ಯಾವಳಿ ಇದೆ. ಬ್ಲೈಂಡ್ ಏರುತ್ತಲೇ ಹೋಗುವುದರಿಂದ ಅಲ್ಲಿ ತಾಳ್ಮೆಗೂ ಗಡುವುಂಟು. ಚಿಪ್ಪು ಮುಗಿದಾಗ ದುಡ್ಡು ಕೊಟ್ಟು ಕೊಳ್ಳುವ ಸೌಲಭ್ಯವೂ ಆ್ಯಪ್‌ನಲ್ಲಿದೆಯಾದರೂ, ವಾಪಸು ಬಾರದ ಚಿಪ್ಪಿಗೆ ದುಡ್ಡು ಸುರಿಯುವುದನ್ನು ನಾನಂತೂ ಶಿಫಾರಸು ಮಾಡಲಾರೆ.

ಮೇಜು ಆರಿಸಿದ ಮೇಲೂ ಕೂಡಲೇ ಕೂರದೆ ಕೆಲವು ಕೈಗಳನ್ನು ನೋಡುವುದು ಒಳ್ಳೆಯದು. ಪ್ರತಿ ಕೈಯಲ್ಲೂ ಏರಿಸುವವನೊಬ್ಬ ಕಂಡರೆ ಅವನ ಎಡಗಡೆಯ ಕುರ್ಚಿ ಖಾಲಿಯಿದೆಯೇ ಎಂದು ನೋಡಿ. ಸರದಿ ಎಡಕ್ಕೆ ಸಾಗುವುದರಿಂದ, ಹೆಚ್ಚಿನ ಕೈಗಳಲ್ಲಿ ಅವನ ಪಂತ ಕಂಡ ಮೇಲೆಯೇ ನಿಮ್ಮ ಸರದಿ ಬರುತ್ತದೆ. ಅವನ ಬಲಗಡೆ ಮಾತ್ರ ಖಾಲಿಯಿದ್ದರೆ ಬೇರೆ ಮೇಜು ಹುಡುಕುವುದೇ ವಾಸಿ.