ವೈನ್ ಶಾಪೋ, ಬಾರ್ ಆಂಡ್ ರೆಸ್ಟೋರೆಂಟೋ?
ಕಲಬುರಗಿಯ ನಮ್ಮ ಓಣಿಯಲ್ಲಿ ಈಗಿರುವ ವೈನ್ ಶಾಪೇ ಸಾಕು ಅನ್ನುವವರು ಕೆಲವರು, ಊಟದ ಹೋಟೆಲಿನಲ್ಲೂ ಕುಡಿಯಲು ಬಿಡಬೇಕು ಅನ್ನುವವರು ಕೆಲವರು. ಈ ಬಗೆಗಿನ ಮನವಿಗೆ ಸಹಿ ಹಾಕುವ ಮುಂಚೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ವೈನ್ ಶಾಪಿಗೆ ಇರುವುದು ಸಿಎಲ್-2 ಲೈಸೆನ್ಸ್. ಬಾಟಲಿ ಮಾರಬಹುದು, ಅಲ್ಲೇ ಕುಡಿಸುವಂತಿಲ್ಲ. ಹಾಗಾದರೆ ಕೊಂಡವರು ಎಲ್ಲಿ ಕುಡಿಯುತ್ತಾರೆ? ಬೆಳಿಗ್ಗೆ ನಮ್ಮ ಬೇವಿನ ಮರದ ಕಟ್ಟೆ ನೋಡಿದರೆ ಗೊತ್ತಾಗುತ್ತದೆ: ಪ್ಲಾಸ್ಟಿಕ್ ಲೋಟ, ನೀರಿನ ಪಾಕೀಟು, ಶೇಂಗಾ ಸಿಪ್ಪೆ. ಹಾಲು ತರಲು ಹೋಗುವ ಮಕ್ಕಳು ಅದನ್ನೇ ದಾಟಿ ಹೋಗಬೇಕು.

ಬಾರ್ ಆಂಡ್ ರೆಸ್ಟೋರೆಂಟಿನ ಸಿಎಲ್-9 ಲೈಸೆನ್ಸ್ ಇದ್ದರೆ ಕೂತು ಉಣ್ಣುತ್ತಾ ಕುಡಿಯಬಹುದು. ಗಲಾಟೆಯಾದರೆ ಕೇಳಲು ಒಬ್ಬ ಮಾಲೀಕನಿರುತ್ತಾನೆ. ಇದು ದೊಡ್ಡ ಅನುಕೂಲವೇ. ಆದರೆ ಖಾನಾವಳಿಯೇ ಬಾರ್ ಆದರೆ, ಒಳಗೆ ರೊಟ್ಟಿ ಬಡಿಯುವ ಅಕ್ಕಂದಿರು ರಾತ್ರಿ ಹತ್ತಕ್ಕೆ ಮನೆಗೆ ಹೇಗೆ ಹೋಗಬೇಕು? ಮಕ್ಕಳನ್ನು ಕರೆದುಕೊಂಡು ಪುಂಡಿಪಲ್ಯ, ರೊಟ್ಟಿ ಉಣ್ಣಲು ಬರುವವರು ಇನ್ನು ಬರುವುದಿಲ್ಲ.

ಶಾಲೆ, ಗುಡಿ, ಮಸೀದಿ, ಆಸ್ಪತ್ರೆಗಳಿಂದ 100 ಮೀಟರ್ ದೂರವಿರಬೇಕೆಂಬ ನಿಯಮ ಎರಡಕ್ಕೂ ಒಂದೇ. ಟೇಪು ಹಿಡಿದು ಅಳೆಸಿ.

ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಬಾರನ್ನೇ ಆರಿಸುತ್ತೇನೆ, ಅದೂ ಮುಖ್ಯರಸ್ತೆಯಲ್ಲಿ. ಓಣಿಯೊಳಗಿನ ಖಾನಾವಳಿಗೆ ಮಾತ್ರ ಬೇಡವೇ ಬೇಡ.