ರೀಮ್ಯಾಪ್‌ಗೆ ಮೊದಲು ಕ್ಲಚ್, ಫ್ಲೈವೀಲ್ ನೋಡಿಸಿ: ಶಿರಾಡಿ ಘಾಟಿಯಲ್ಲಿ ನನಗಾದದ್ದು

ಹಳೆಯ ಟರ್ಬೊ ಡೀಸೆಲ್ ಗಾಡಿಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸುವುದು) ಮಾಡಿಸಲು ದುಡ್ಡು ಕೂಡಿಡುತ್ತಿದ್ದೀರಾ? ಆ ದುಡ್ಡು ಅದನ್ನು ಮಾಡುವ ಟ್ಯೂನರ್ ಕೈ ಸೇರುವ ಮೊದಲು ಇದನ್ನು ಓದಿ. ಕಳೆದ ಮಳೆಗಾಲದಲ್ಲಿ, ರಾತ್ರಿ ಎಂಟೂವರೆಗೆ, ಶಿರಾಡಿ ಘಾಟಿಯ ಏರಿನಲ್ಲಿ ನನ್ನ ಗಾಡಿ ನಿಂತುಹೋಯಿತು. ಹಿಂದಿನ ಸೀಟಿನಲ್ಲಿ ಅಮ್ಮ. ಮಂಗಳೂರಿನಲ್ಲಿ ಅವರಿಗೆ ಕಣ್ಣಿನ ಪೊರೆ ತೆಗೆಸಿಕೊಂಡು ಹಾಸನಕ್ಕೆ ವಾಪಸ್ ಬರುತ್ತಿದ್ದೆವು.

ಗಾಡಿ 2012ರ ಮಾಡೆಲ್ ಸೆಡಾನ್. ಎರಡು ಲೀಟರ್ ಡೀಸೆಲ್ ಎಂಜಿನ್, ಮ್ಯಾನ್ಯುವಲ್ ಗೇರ್, ಕಂಪನಿಯಿಂದ ಬಂದಾಗ 140 ಬಿಎಚ್‌ಪಿ, 320 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ). ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ರೀಮ್ಯಾಪ್ ಮಾಡಿಸುವ ಹೊತ್ತಿಗೆ 1,18,000 ಕಿ.ಮೀ. ಓಡಿತ್ತು, ಕ್ಲಚ್ ಒಮ್ಮೆಯೂ ಬದಲಾಗಿರಲಿಲ್ಲ.

ಗಾಡಿ ಮೊದಲೇ ಹೇಳುತ್ತಿತ್ತು. ಪೆಡಲ್ ಹೆಚ್ಚುಕಮ್ಮಿ ಪೂರ್ತಿ ಮೇಲೆ ಬಂದ ಮೇಲೆಯೇ ಕ್ಲಚ್ ಹಿಡಿಯುತ್ತಿತ್ತು. ಪೆಡಲ್ ಕೊಂಡಾಗ ಇದ್ದದ್ದಕ್ಕಿಂತ ಗಟ್ಟಿಯಾಗಿತ್ತು. ಎಂಜಿನ್ ಆಫ್ ಮಾಡಿದಾಗ ಕೆಳಗಿನಿಂದ ಖಡಖಡ ಎಂದು ಲೋಹ ಬಡಿದ ಸದ್ದು. ಸರ್ವಿಸ್‌ಗೆ ಬಿಟ್ಟಾಗ ನಮ್ಮ ಮೆಕ್ಯಾನಿಕ್ ಆ ಸದ್ದು ಕೇಳಿಯೇ ಹೇಳಿದ್ದರು: "ಸಾರ್, ಇದು ಡ್ಯುಯಲ್ ಮಾಸ್ ಫ್ಲೈವೀಲು. ಒಳಗಿನ ಸ್ಪ್ರಿಂಗ್ ಸಡಿಲ ಆಗಿದೆ. ಗೇರ್‌ಬಾಕ್ಸ್ ಇಳಿಸಿ ನೋಡ್ದೆ ಪವರ್ ಹಾಕ್ಸೋಕೆ ಹೋಗ್ಬೇಡಿ." ಫ್ಲೈವೀಲ್ ಎಂದರೆ ಎಂಜಿನ್ನಿಗೂ ಕ್ಲಚ್ಚಿಗೂ ನಡುವೆ ತಿರುಗುವ ಭಾರದ ಚಕ್ರ. ಕ್ಲಚ್ ಸೆಟ್ಟು, ಫ್ಲೈವೀಲು, ಕೂಲಿ ಎಲ್ಲ ಸೇರಿ 64,000 ರೂಪಾಯಿ ಆಗುತ್ತದೆ ಎಂದರು. ರೀಮ್ಯಾಪ್‌ಗೆ 28,000. ಎರಡೂ ಒಟ್ಟಿಗೆ ಕೈಲಾಗುವುದಿಲ್ಲ, ಮೊದಲು ರೀಮ್ಯಾಪ್, ಆರು ತಿಂಗಳು ಬಿಟ್ಟು ಕ್ಲಚ್ ಎಂದು ಲೆಕ್ಕ ಹಾಕಿದೆ. ತಪ್ಪಾದದ್ದು ಅಲ್ಲೇ.

ಬೆಂಗಳೂರಿನ ಟ್ಯೂನರ್ (ಹೆಸರು ಬೇಡ) ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಗಾಡಿ ಹತ್ತಿಸಿ 178 ಬಿಎಚ್‌ಪಿ, 390 ನ್ಯೂಟನ್ ಮೀಟರ್ ತೋರಿಸಿದರು. ಕ್ಲಚ್ ಬಗ್ಗೆ ಕೇಳಿದ್ದಕ್ಕೆ "ಕಂಪನಿ ಕ್ಲಚ್ ಆರಾಮಾಗಿ ತಡ್ಕೊಳ್ಳುತ್ತೆ ಸಾರ್" ಎಂದರು. ಹೊಸ ಕ್ಲಚ್ಚಿನ ಮಟ್ಟಿಗೆ ಆ ಮಾತು ನಿಜವಿರಬಹುದು. ಆದರೆ ಎಷ್ಟು ಕಿ.ಮೀ. ಓಡಿದ ಕ್ಲಚ್ ಎಂದು ಅವರು ಕೇಳಲಿಲ್ಲ. ಒಮ್ಮೆ ರೋಡ್ ಟೆಸ್ಟ್‌ಗೆ ಹೋಗಿ ನೋಡಲೂ ಇಲ್ಲ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಕ್ಲಚ್ಚಿನ ಮೇಲೆ ಬೀಳುವ ಭಾರವನ್ನು ಹಾರ್ಸ್‌ಪವರ್ ನೋಡಿ ಅಳೆಯಬಾರದು, ಟಾರ್ಕ್ ನೋಡಿ ಅಳೆಯಬೇಕು. ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ ನಡುವೆ ಕ್ಲಚ್ ಪ್ಲೇಟು ಸಿಕ್ಕಿಕೊಂಡಿರುತ್ತದೆ. ಸ್ಪ್ರಿಂಗ್ ಎಷ್ಟು ಬಲವಾಗಿ ಒತ್ತುತ್ತದೆ, ಪ್ಲೇಟಿನ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ಎಷ್ಟು ಹಿಡಿಯುತ್ತದೆ, ಪ್ಲೇಟಿನ ಅಗಲ ಎಷ್ಟು, ಇವುಗಳ ಮೇಲೆ ಅದು ಎಷ್ಟು ಟಾರ್ಕ್ ತಡೆಯುತ್ತದೆ ಎಂಬುದು ನಿಂತಿದೆ. ಕಂಪನಿ ಎಂಜಿನ್ನಿನ ಟಾರ್ಕಿಗಿಂತ ಸ್ವಲ್ಪ ಹೆಚ್ಚು ತಡೆಯುವ ಕ್ಲಚ್ಚನ್ನೇ ಕೊಟ್ಟಿರುತ್ತದೆ. ಪ್ಲೇಟು ಸವೆದು ಕೊನೆಯ ಹಂತಕ್ಕೆ ಬಂದಾಗ ಒತ್ತುವ ಬಲ ಕುಗ್ಗಿ ಆ ಹೆಚ್ಚಿನ ಪಾಲು ಕರಗುತ್ತದೆ. ಅದರ ಮೇಲೆ ನಾನು 70 ನ್ಯೂಟನ್ ಮೀಟರ್ ಹೇರಿದೆ. ಅದೂ ಟರ್ಬೊ ಡೀಸೆಲ್‌ನಲ್ಲಿ ಈ ಟಾರ್ಕ್ 1,800, 2,000 ಆರ್‌ಪಿಎಂನಲ್ಲೇ ಒಮ್ಮೆಗೇ ಬರುತ್ತದೆ.

ಮೊದಲ ಎರಡು ವಾರ ಗಾಡಿ ಹಾರಿದ ಹಾಗೆ ಹೋಯಿತು, ಸುಳ್ಳು ಹೇಳುವುದಿಲ್ಲ. ಮೂರನೇ ವಾರ ಹೈವೇಯಲ್ಲಿ ಐದನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರಿತು, ಸ್ಪೀಡ್ ಇದ್ದಲ್ಲೇ ಇತ್ತು. ಕ್ಲಚ್ ಸ್ಲಿಪ್ ಎಂದು ಅರ್ಥವಾಯಿತು. ಅವತ್ತೇ ಗಾಡಿ ಮೂಲೆಗೆ ನಿಲ್ಲಿಸಬೇಕಿತ್ತು. ಆದರೆ ಅಮ್ಮನ ಆಪರೇಷನ್ ದಿನ ಗೊತ್ತಾಗಿತ್ತು, ಹೋಗಿ ಬಂದ ಮೇಲೆ ಮಾಡಿಸೋಣ ಎಂದುಕೊಂಡೆ.

ವಾಪಸ್ ಬರುವಾಗ ಗುಂಡ್ಯ ದಾಟಿ ಏರು ಶುರುವಾಯಿತು. ಮುಂದೆ ಗ್ಯಾಸ್ ಟ್ಯಾಂಕರ್‌ಗಳ ಸಾಲು, ಹಿಂದೆ ಬಸ್ಸು. ಎರಡನೇ ಗೇರಿನಲ್ಲಿ ನಿಂತು ನಿಂತು ಏರಬೇಕು, ಪ್ರತಿ ಸಲವೂ ಹಾಫ್ ಕ್ಲಚ್. ಹತ್ತು ನಿಮಿಷದಲ್ಲಿ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಇನ್ನೊಂದು ತಿರುವಿನಲ್ಲಿ ಎಂಜಿನ್ ಕೂಗುತ್ತಿದೆ, ಗಾಡಿ ಮಾತ್ರ ಅಲುಗುತ್ತಿಲ್ಲ. ಯಾವ ಗೇರ್ ಹಾಕಿದರೂ ಅಷ್ಟೇ. ಹ್ಯಾಂಡ್‌ಬ್ರೇಕ್ ಎಳೆದು, ಹಜಾರ್ಡ್ ಲೈಟ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟೆ. ಫೋನಿಗೆ ಸಿಗ್ನಲ್ ಇಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಮ್ಮ "ಏನಾಯ್ತೋ, ಯಾಕೋ ನಿಲ್ಲಿಸ್ದೆ?" ಎಂದು ಕೇಳುತ್ತಲೇ ಇದ್ದರು. ಪಕ್ಕದಲ್ಲಿ ಒಂದೊಂದು ಲಾರಿ ಹಾದುಹೋದಾಗಲೂ ಗಾಡಿ ಇಡೀ ಅದುರುತ್ತಿತ್ತು. ಕೊನೆಗೆ ಒಬ್ಬ ಬಸ್ ಡ್ರೈವರ್ ನಿಲ್ಲಿಸಿ ಅಮ್ಮನನ್ನೂ ನನ್ನ ಹೆಂಡತಿಯನ್ನೂ ಸಕಲೇಶಪುರದವರೆಗೆ ಹತ್ತಿಸಿಕೊಂಡರು. ಟೋಯಿಂಗ್ ಗಾಡಿ ಬಂದದ್ದು ರಾತ್ರಿ ಹನ್ನೆರಡೂವರೆಗೆ.

ಗೇರ್‌ಬಾಕ್ಸ್ ಇಳಿಸಿದಾಗ ನಾನೇ ಪಕ್ಕದಲ್ಲಿ ನಿಂತು ನೋಡಿದೆ. ಕ್ಲಚ್ ಪ್ಲೇಟಿನಲ್ಲಿ ಲೈನಿಂಗ್ ಇಲ್ಲ, ರಿವೆಟ್ ತಲೆಗಳು ಫ್ಲೈವೀಲನ್ನು ಉಜ್ಜಿ ಗೀರು ಬಿದ್ದಿವೆ. ಫ್ಲೈವೀಲಿನ ಮುಖ ಕಾದು ನೀಲಿಯಾಗಿದೆ, ಕೂದಲೆಳೆಯಂಥ ಬಿರುಕುಗಳು. ಕ್ಲಚ್ಚನ್ನು ಮುಚ್ಚುವ ಕವಚದ (ಬೆಲ್ ಹೌಸಿಂಗ್) ಒಳಗೆಲ್ಲ ಗ್ರೀಸ್ ಚೆಲ್ಲಿದೆ. ಡ್ಯುಯಲ್ ಮಾಸ್ ಫ್ಲೈವೀಲ್ ಎಂದರೆ ಎರಡು ಚಕ್ರ, ನಡುವೆ ಗ್ರೀಸಿನಲ್ಲಿ ಕೂತ ಬಿಲ್ಲಿನಾಕಾರದ ಸ್ಪ್ರಿಂಗುಗಳು. ಡೀಸೆಲ್ ಎಂಜಿನ್ನಿನ ಒಂದೊಂದು ಹೊಡೆತವನ್ನೂ ಗೇರ್‌ಬಾಕ್ಸಿಗೆ ತಾಗದಂತೆ ನುಂಗುವುದು ಅವೇ. ಕ್ಲಚ್ ಜಾರಿ ಬಂದ ಬಿಸಿಗೆ ಗ್ರೀಸ್ ಕರಗಿ ಹೊರಬಂದಿತ್ತು, ಒಂದು ಸ್ಪ್ರಿಂಗ್ ತುಂಡಾಗಿತ್ತು. ಸ್ಪ್ರಿಂಗ್ ಮೊದಲೇ ಸಡಿಲವಿದ್ದದ್ದು ಸೇರಿಕೊಂಡು ಹೀಗಾಯಿತು ಎಂದು ಮೆಕ್ಯಾನಿಕ್ ಹೇಳಿದರು. ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

64,000ದಲ್ಲಿ ಮುಗಿಯಬೇಕಿದ್ದದ್ದು ಟೋಯಿಂಗ್, ಸ್ಟಾರ್ಟರ್ ಮೋಟಾರ್ ಎಲ್ಲ ಸೇರಿ 97,000 ಆಯಿತು. ವಿಮೆಯಲ್ಲಿ ಒಂದು ಪೈಸೆ ಇಲ್ಲ. ಸವೆತಕ್ಕೂ ಯಂತ್ರ ಕೆಟ್ಟದ್ದಕ್ಕೂ ಸಾಮಾನ್ಯ ಮೋಟಾರ್ ಪಾಲಿಸಿ ಹಣ ಕೊಡುವುದಿಲ್ಲ.

ದುಡ್ಡು ಉಳಿಸಲು ಫ್ಲೈವೀಲ್ ಬಿಟ್ಟು ಬರೀ ಪ್ಲೇಟು ಹಾಕಿಸೋಣ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ನೀಲಿಯಾಗಿ ಬಿರುಕು ಬಿಟ್ಟ ಮುಖದ ಮೇಲೆ ಹೊಸ ಪ್ಲೇಟು ಬಾಳುವುದಿಲ್ಲ, ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿ ತಪ್ಪುವುದಿಲ್ಲ. ಅರ್ಧ ಬೆಲೆಗೆ ಸಿಗುವ, ಸ್ಪ್ರಿಂಗ್ ಇಲ್ಲದ ಒಂದೇ ತುಂಡಿನ ಫ್ಲೈವೀಲ್ ಹಾಕಿಸಿ ಎಂದೂ ಒಂದು ಅಂಗಡಿಯಲ್ಲಿ ಹೇಳಿದರು. ಅದು ಹಾಕಿದರೆ ಎಂಜಿನ್ನಿನ ಹೊಡೆತವೆಲ್ಲ ಗೇರ್‌ಬಾಕ್ಸಿನ ಪಾಲಾಗುತ್ತದೆ, ಸದ್ದೂ ಹೆಚ್ಚು. ದಿನಾ ಓಡಿಸುವ ಮನೆಯ ಗಾಡಿಗೆ ನಾನಂತೂ ಒಪ್ಪಲಿಲ್ಲ.

ರೀಮ್ಯಾಪ್ ಯೋಚನೆ ಇದ್ದರೆ ಮೊದಲು ಖಾಲಿ ರಸ್ತೆಯಲ್ಲಿ ನಾಲ್ಕನೇ ಅಥವಾ ಐದನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಮುಳ್ಳು ಸ್ಪೀಡಿಗಿಂತ ಮುಂದೆ ಓಡಿದರೆ ಕ್ಲಚ್ ಮುಗಿದಿದೆ. ಓಡದಿದ್ದರೂ ಲಕ್ಷ ಕಿ.ಮೀ. ದಾಟಿದ ಗಾಡಿಯಾದರೆ, ಆಫ್ ಮಾಡುವಾಗ ಸದ್ದು ಬರುತ್ತಿದ್ದರೆ, ಇಳಿಸಿಯೇ ನೋಡಿಸಿ. ಇಳಿಸಿದಾಗ ರಿಲೀಸ್ ಬೇರಿಂಗ್, ಫ್ಲೈವೀಲ್ ಬೋಲ್ಟುಗಳು ಹೊಸದೇ ಆಗಲಿ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಜಿನುಗುತ್ತಿದೆಯೇ ಎಂದೂ ನೋಡಿಸಿ. ಹೊಸ ಪ್ಲೇಟಿಗೆ ಆಯಿಲ್ ತಾಗಿದರೆ ಅದೂ ಜಾರುತ್ತದೆ.

ಹೊಸ ಕ್ಲಚ್ ಹಾಕಿದ ಮೇಲೆ ಕಂಪನಿಯ ಮೂಲ ಸಾಫ್ಟ್‌ವೇರ್ ಫೈಲನ್ನೇ ಹಾಕಿಸಿ 800 ಕಿ.ಮೀ. ಊರೊಳಗೆ ಮೆಲ್ಲಗೆ ಓಡಿಸಿದ್ದೇನೆ. ರೀಮ್ಯಾಪ್ ಇನ್ನೂ ವಾಪಸ್ ಹಾಕಿಸಿಲ್ಲ. ಹಳೆಯ ಫ್ಲೈವೀಲು ಶೆಡ್ಡಿನಲ್ಲಿದೆ. ಹಾಸನದ ಕಡೆಯವರು ಯಾರಾದರೂ ಟ್ಯೂನಿಂಗ್‌ಗೆ ಹೊರಟಿದ್ದರೆ ಒಂದು ಮೆಸೇಜ್ ಹಾಕಿ, ಬಂದು ಕೈಯಲ್ಲಿ ತಿರುಗಿಸಿ ನೋಡಬಹುದು.